ಸಿ.ಸಿ. ಎಂದರೆ ಮಚವೆ

ಕುಮಟೆಯಲ್ಲಿ ನಾನು ಬಹಳ ವರ್ಷ ಟೈಪಿಂಗ್ ಕ್ಲಾಸ್ ನಡೆಸಿದ್ದೆ. ಹೊನ್ನಾವರದ ಮನೆಯಿಂದ ಬೆಳಗಿನ ಬಸ್ಸಿಗೆ ಹೋಗುವುದು, ಸಂಜೆಯ ಬಸ್ಸಿಗೆ ತಿರುಗಿ ಬರುವುದು. ಕಂಪ್ಯೂಟರ್ ಬಂದ ಮೇಲೆ ಕಲಿಯಲು ಬರುವವರು ಕಡಿಮೆಯಾಗುತ್ತ ಹೋದರು. ಯಂತ್ರಗಳು ಒಂದೊಂದಾಗಿ ಗುಜರಿಯವನ ಗಾಡಿ ಹತ್ತಿದವು. ಕೊನೆಗೆ ಬಾಡಿಗೆ ಕೋಣೆಯ ಬೀಗದ ಕೈಯನ್ನು ಮಾಲೀಕರಿಗೆ ಕೊಟ್ಟು ಮನೆಯಲ್ಲಿ ಕೂತೆ. ಕೂತೆ ಎನ್ನುವುದೂ ಸರಿಯಲ್ಲ. ಅಡಿಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಂಗಳಕ್ಕೆ, ಅಲ್ಲಿಂದ ಗೇಟಿನವರೆಗೆ ಸುಮ್ಮನೆ ಓಡಾಡುತ್ತಿದ್ದೆ. ಯಜಮಾನರು ಸೊಸೈಟಿಯ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಜಗಲಿಯ ಕುರ್ಚಿಯಲ್ಲಿ ಕೂತ ಅತ್ತೆ ನನ್ನ ಓಡಾಟ ನೋಡಿ, "ಕಾಲಿಗೆ ಎಂತ ಇರುವೆ ಕಚ್ಚಿತ್ತಾ ತಂಗಿ? ಒಂದ್ಕಡೆ ಕೂತ್ಕಳೆ" ಎನ್ನುತ್ತಿದ್ದರು.

ಅಂಥ ಹೊತ್ತಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪುಣೆಯಿಂದ ಫೋನ್ ಮಾಡಿದಳು. ಹಳೆಯ ಕಾಗದಪತ್ರಗಳನ್ನು ಕಂಪ್ಯೂಟರಿಗೆ ಏರಿಸುವ ಕಡೆ ಅವಳು ಕೆಲಸ ಮಾಡುತ್ತಾಳೆ.

"ಟೀಚರ್, ನಿಮಗೆ ಕಾರ್ಬನ್ ಕಾಪಿ ಓದ್ಲಿಕ್ಕೆ ಬರ್ತದಲ್ಲ? ಅಕ್ಷರದ ಮೇಲೆ ಅಕ್ಷರ ಹೊಡೆದದ್ದು, ಮಸುಕಾದದ್ದು, ಎಲ್ಲ?"

"ನಿನ್ನಂಥವರು ಹೊಡೆದದ್ದನ್ನೇ ಓದಿದ್ದೇನೆ, ಇನ್ಯಾವುದು ಬರುವುದಿಲ್ಲ?" ಎಂದೆ.

ಅವಳು ನಕ್ಕು ಕೆಲಸ ವಿವರಿಸಿದಳು. ಎರಡನೇ ಮಹಾಯುದ್ಧದಲ್ಲಿ ಅರಬ್ಬೀ ಸಮುದ್ರದ ಮೇಲೆ ಗಸ್ತು ತಿರುಗುತ್ತಿದ್ದ ಒಂದು ಬ್ರಿಟಿಷ್ ವಿಮಾನದಳದ ದಿನಚರಿ ಅದು. ಯಾವ ವಿಮಾನ ಎಷ್ಟು ಹೊತ್ತಿಗೆ ಎದ್ದಿತು, ಎತ್ತ ಹೋಯಿತು, ಕೆಳಗೆ ಸಮುದ್ರದಲ್ಲಿ ಏನೇನು ಕಂಡಿತು ಎಂದು ಯಾರೋ ಒಬ್ಬ ದಿನವೂ ಟೈಪ್ ಮಾಡಿಟ್ಟಿದ್ದ. ಅದರ ಕಾರ್ಬನ್ ಪ್ರತಿಯ ಫೋಟೋಗಳು ನನಗೆ ಬರುತ್ತವೆ. ನಾನು ಅವನ್ನು ಓದಿ ಕಂಪ್ಯೂಟರಿನಲ್ಲಿ ಕೂರಿಸಬೇಕು. ಜೊತೆಗೆ, ಅದರಲ್ಲಿ ಹಡಗುಗಳಿಗೆಲ್ಲ ಎರಡೆರಡು ಅಕ್ಷರದ ಗುರುತು ಹಾಕಿದ್ದಾರೆ, ಪಕ್ಕದ ಕಾಲಮ್ಮಿನಲ್ಲಿ ಅವುಗಳ ಪೂರ್ತಿ ರೂಪ ಬರೆಯಬೇಕು. ಕೆಲಸ ಮಾಡಿಸುವವರು ತಮಗೆ ಗೊತ್ತಿದ್ದ ಗುರುತುಗಳ ಒಂದು ಪಟ್ಟಿ ಕೊಟ್ಟಿದ್ದರು. ಗೊತ್ತಿಲ್ಲದ ಕಡೆ ಪ್ರಶ್ನೆಚಿಹ್ನೆ ಇತ್ತು.

ಮೊದಮೊದಲು ಸುಲಭವೆನಿಸಿತು. ಎಂ/ವಿ ಎಂದರೆ ಮರ್ಚೆಂಟ್ ವೆಸೆಲ್, ಸರಕು ಹಡಗು. ಇ/ವಿ ಎಂದರೆ ಅದರ ಜೊತೆಗೆ ಹೋಗುವ ಕಾವಲು ಹಡಗು. ಎಫ್/ವಿ ಮೀನು ಹಿಡಿಯುವ ದೋಣಿ. ಎ/ಸಿ ಎಂದರೆ ಏರ್‌ಕ್ರಾಫ್ಟ್, ವಿಮಾನ. ಎರಡು ಪುಟ ಹೀಗೆ ಸರಾಗವಾಗಿ ಹೋದೆ. ಮೂರನೆಯ ಪುಟದಲ್ಲಿ 'ಎ/ಸಿ ಎ/ಸಿ' ಎಂದು ಎರಡು ಸಲ ಬಂದಿತ್ತು. ಟೈಪ್ ಮಾಡಿದವನು ಕೈತಪ್ಪಿ ಎರಡು ಸಲ ಹೊಡೆದಿದ್ದಾನೆ ಎಂದುಕೊಂಡೆ. ಆದರೆ ಮುಂದಿನ ಪುಟದಲ್ಲೂ ಹಾಗೇ ಇತ್ತು. ಪುಣೆಯವಳನ್ನು ಕೇಳಿದೆ. ಅವಳು ಯಾರನ್ನೋ ಕೇಳಿ ಹೇಳಿದಳು, ಎರಡನೆಯ ಎ/ಸಿ ಎಂದರೆ ಆಲ್ಟರ್ಡ್ ಕೋರ್ಸ್, ದಿಕ್ಕು ಬದಲಿಸಿತು ಎಂದು. ಅಂದರೆ, ವಿಮಾನ ದಿಕ್ಕು ಬದಲಿಸಿತು. ಒಂದೇ ಗುರುತಿಗೆ ಎರಡು ಅರ್ಥ. ಅಂದಿನಿಂದ ಯಾವ ಎ/ಸಿ ಯಾವುದು ಎಂದು ಪ್ರತಿ ಸಾಲಿನಲ್ಲೂ ನಿಂತು ನೋಡಬೇಕಾಯಿತು. ಅನ್ನ ಬಡಿಸುವಾಗಲೂ ತಲೆಯಲ್ಲಿ ಅದೇ.

ಊರಿನ ಹೆಸರುಗಳು ಬರತೊಡಗಿದ ಮೇಲೆ ಅಂತೂ ಕುರ್ಚಿಯಲ್ಲಿ ಕೂರುವುದೇ ಕಷ್ಟವಾಯಿತು. ಹೊನ್ನಾವರ, ಕುಮಟೆ, ಭಟ್ಕಳ ಎಲ್ಲ ಅವರ ಸ್ಪೆಲ್ಲಿಂಗಿನಲ್ಲಿ ವಕ್ರವಕ್ರವಾಗಿ ಇದ್ದವು. ಪಿಜನ್ ಐಲ್ಯಾಂಡ್ ಎಂಬುದು ಯಾವುದೋ ದೂರದ ದೇಶದ್ದಿರಬೇಕು ಎಂದುಕೊಂಡಿದ್ದವಳು, ನಕ್ಷೆ ತೆರೆದು ಹುಡುಕಿದರೆ ಅದು ನಮ್ಮ ನೇತ್ರಾಣಿ. ಮುರ್ಡೇಶ್ವರದ ದಂಡೆಯಲ್ಲಿ ನಿಂತರೆ ಕಾಣುವ ಗುಡ್ಡ. ಅತ್ತೆಯ ತವರು ಕಾಯ್ಕಿಣಿ, ಅಲ್ಲಿಂದ ಹೆಜ್ಜೆ ದೂರ. ಚಿಕ್ಕಂದಿನಲ್ಲಿ ಅವರು ದಿನಾ ಕಂಡ ದ್ವೀಪ.

"ಅತ್ತೆ, ಇವರ ವಿಮಾನ ನಿಮ್ಮ ನೇತ್ರಾಣಿಯ ಮೇಲೆ ಹೋಗುತ್ತಿತ್ತಂತೆ" ಎಂದೆ.

"ಹೋಗ್ತಿತ್ತಪ್ಪ. ಇಮಾನ ಬಂತು ಅಂದ್ರೆ ಆಯಿ ನಮ್ಮನ್ನ ಮಂಚದ ಅಡಿಗೆ ದೂಡ್ತಿತ್ತು. ಬಾಂಬು ಬೀಳ್ತದೆ ಅಂತ" ಎಂದರು ಅತ್ತೆ. "ಎಂತ ಬರದಾರೆ ಅವ್ರು?"

"ಹಡಗು ಕಂಡದ್ದು, ದೋಣಿ ಕಂಡದ್ದು."

ಅತ್ತೆ ಮುಖವನ್ನು ಅಂಗಳದ ಕಡೆ ತಿರುಗಿಸಿದರು. ನಾನು ನನ್ನ ಕೆಲಸಕ್ಕೆ ತಿರುಗಿದೆ. ಅವರ ಅಪ್ಪ ಮಚವೆಯ ತಾಂಡೇಲರಾಗಿದ್ದರು, ಅಂದರೆ ಹಾಯಿಹಡಗು ನಡೆಸುವ ಯಜಮಾನ. ಹಂಚು, ತೆಂಗಿನಕಾಯಿ ತುಂಬಿಕೊಂಡು ಮುಂಬಯಿಗೆ ಹೋಗಿ ಬರುವ ಮಚವೆ. ಯುದ್ಧದ ವರ್ಷಗಳಲ್ಲಿ ಒಮ್ಮೆ ಹೋದವರು ತಿರುಗಿ ಬರಲಿಲ್ಲ. ಆಗ ಅತ್ತೆ ತೀರ ಚಿಕ್ಕವರು. ಹಡಗು ಮುಳುಗಿತು ಎಂದು ಹೇಳಿದವರಿಲ್ಲ, ಹೆಣ ಸಿಗಲಿಲ್ಲ. ಅತ್ತೆಯ ತಾಯಿ ಗಂಡ ಸತ್ತದ್ದನ್ನು ಒಪ್ಪಲೇ ಇಲ್ಲ. ತಾವು ಬದುಕಿರುವ ತನಕ ಕುಂಕುಮ ಇಟ್ಟುಕೊಂಡರು, ಗಂಡನಿಗೆ ಎಳ್ಳುನೀರು ಬಿಡಲು ಯಾರಿಗೂ ಬಿಡಲಿಲ್ಲ. ಇದನ್ನೆಲ್ಲ ನಾನು ಮದುವೆಯಾಗಿ ಬಂದ ವರ್ಷವೇ ಕೇಳಿದ್ದೆ. ಅತ್ತೆ ಅದನ್ನು ಬೇರೆ ಯಾರದೋ ಮನೆಯ ಸಂಗತಿ ಹೇಳುವವರ ಹಾಗೆ ಹೇಳಿ ಮುಗಿಸಿದ್ದರು.

ಪಟ್ಟಿಯಲ್ಲಿ ಪ್ರಶ್ನೆಚಿಹ್ನೆ ಇದ್ದ ಗುರುತುಗಳಲ್ಲಿ ಒಂದು ಸಿ.ಸಿ. ಅದರ ಮುಂದೆ 'ಕೋಸ್ಟಲ್ ಕಾನ್ವಾಯ್ ಇರಬಹುದು' ಎಂದು ಬರೆದಿದ್ದರು. ಕರಾವಳಿಯಗುಂಟ ಸಾಲಾಗಿ ಹೋಗುವ ಹಡಗುಗಳ ಗುಂಪು. ನಾನೂ ಹಾಗೇ ಹಾಕುತ್ತ ಹೋದೆ. 'ಎರಡು ಸಿ.ಸಿ. ಉತ್ತರಕ್ಕೆ', 'ನಾಲ್ಕು ಸಿ.ಸಿ. ಲಂಗರು ಹಾಕಿವೆ' ಎಂದೆಲ್ಲ ಬಂದಾಗ ನಮ್ಮ ಸಮುದ್ರದಲ್ಲಿ ಇಷ್ಟೆಲ್ಲ ಯುದ್ಧದ ಹಡಗುಗಳು ಗುಂಪುಗುಂಪಾಗಿ ಓಡಾಡುತ್ತಿದ್ದವೇ ಎಂದು ಬೆರಗಾಗುತ್ತಿತ್ತು. ಒಂದು ಮಧ್ಯಾಹ್ನ ಹೊಸ ಪುಟ ತೆರೆದೆ. ಮಳೆಗಾಲ ಮುಗಿದು ಸಮುದ್ರ ತೆರೆದ ಹೊಸತರ ಪುಟ ಅದು. ಅದರಲ್ಲಿ ಪಿಜನ್ ಐಲ್ಯಾಂಡಿನ ಪಶ್ಚಿಮಕ್ಕೆ ಒಂದು ಸಿ.ಸಿ. ಕಂಡಿತು, ಎರಡು ಕಂಬ, ಮುಂದಿನದು ಮುರಿದಿದೆ, ಆರು ಜನ ಕೈ ಬೀಸುತ್ತಿದ್ದಾರೆ ಎಂದಿತ್ತು.

ನಾನು ಕೀಲಿಮಣೆಯಿಂದ ಕೈ ತೆಗೆದೆ. ಹಡಗುಗಳ ಗುಂಪಿಗೆ ಎರಡು ಕಂಬ ಹೇಗೆ? ಒಂದು ಗುಂಪಿನಲ್ಲಿ ಆರೇ ಜನ ಹೇಗೆ? ಆಗ ಕುಮಟೆಯ ದಿನಗಳು ನೆನಪಾದವು. ಕ್ಲಾಸಿನ ಪಕ್ಕದಲ್ಲಿ ಒಬ್ಬ ಮುದಿ ವಕೀಲರಿದ್ದರು. ಬಂದರಿನ ವ್ಯಾಪಾರಿಗಳ ತಕರಾರು ಅರ್ಜಿಗಳನ್ನು ನನ್ನಿಂದ ಟೈಪ್ ಮಾಡಿಸುತ್ತಿದ್ದರು. ಮಚವೆಯನ್ನು ಅವರು ಎಂದೂ ಮಚವೆ ಎಂದು ಬರೆಸಲಿಲ್ಲ. 'ಕಂಟ್ರಿ ಕ್ರಾಫ್ಟ್' ಎಂದೇ ಹೇಳುತ್ತಿದ್ದರು. ಸರಕಾರಿ ಕಾಗದದಲ್ಲಿ ನಮ್ಮ ಹಾಯಿಹಡಗುಗಳಿಗೆ ಅದೇ ಹೆಸರು.

ಸಿ.ಸಿ. ಎಂದರೆ ಕಂಟ್ರಿ ಕ್ರಾಫ್ಟ್. ಸಿ.ಸಿ. ಎಂದರೆ ಮಚವೆ.

ಎದ್ದು ಗೇಟಿನವರೆಗೆ ಹೋಗಿ ಬಂದೆ. ಇಷ್ಟು ದಿನ ಟೈಪ್ ಮಾಡಿದ ಸಾಲುಗಳೆಲ್ಲ ಕಣ್ಣೆದುರು ಬೇರೆಯಾಗಿ ಕಾಣತೊಡಗಿದವು. ಉತ್ತರಕ್ಕೆ ಹೋದ ಆ ಎರಡು ಸಿ.ಸಿ. ಹಂಚು ಹೊತ್ತ ಮಚವೆಗಳು. ಲಂಗರು ಹಾಕಿದ ನಾಲ್ಕು ಸಿ.ಸಿ. ಎಂದರೆ ಬಂದರಿನಲ್ಲಿ ಸರಕಿಗೆ ಕಾದವರು. ವಿಮಾನದವರು ಮೇಲಿನಿಂದ ನೋಡಿದ್ದು ನಮ್ಮವರನ್ನೇ. ಪುಣೆಯವಳಿಗೆ ಆಗಲೇ ಬರೆದೆ. "ಸರಿ ಅನಿಸ್ತದೆ ಟೀಚರ್. ಹಿಂದಿನದೆಲ್ಲ ತಿದ್ದಿಬಿಡಿ" ಎಂದಳು.

ತಿದ್ದುವ ತಾಳ್ಮೆ ಅಂದು ನನ್ನಲ್ಲಿರಲಿಲ್ಲ. ಆ ಪುಟದಲ್ಲಿ ಇನ್ನೂ ಎರಡು ಸಾಲು ಉಳಿದಿದ್ದವು. ಮಚವೆಯಿಂದ ಪಶ್ಚಿಮಕ್ಕೆ, ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಒಂದು ಎಂ/ವಿ ಹೋಗುತ್ತಿತ್ತು. ವಿಮಾನದವರು ಅದಕ್ಕೆ ದೀಪ ಮಿಟುಕಿಸಿ ಸುದ್ದಿ ಮುಟ್ಟಿಸಿದರು. ಆಮೇಲೆ 'ಎಂ/ವಿ ಎ/ಸಿ' ಎಂದು ಬರೆದು ಮೂರಂಕಿಯ ಒಂದು ಸಂಖ್ಯೆ, ಉತ್ತರದಿಂದ ಎಣಿಸುವ ದಿಕ್ಸೂಚಿಯ ಡಿಗ್ರಿ. ಸರಕು ಹಡಗು ದಿಕ್ಕು ಬದಲಿಸಿತು ಎಂದರ್ಥ. ಆದರೆ ಎತ್ತ? ಸಂಖ್ಯೆಯ ಕೊನೆಯ ಎರಡು ಅಂಕಿ ಸ್ಪಷ್ಟವಾಗಿ ತೊಂಬತ್ತು. ಮೊದಲಿನ ಅಂಕಿಯ ಮೇಲೆ ಕಾರ್ಬನ್ ಕಲೆಯಾಗಿ, ಸೊನ್ನೆಯೋ ಎರಡೋ ತಿಳಿಯುತ್ತಿರಲಿಲ್ಲ. ಸೊನ್ನೆಯಾದರೆ ಹಡಗು ತಿರುಗಿದ್ದು ಪೂರ್ವಕ್ಕೆ, ಅಂದರೆ ಮಚವೆಯ ಕಡೆಗೆ. ಎರಡಾದರೆ ಇನ್ನೂರ ತೊಂಬತ್ತು. ಅದು ಪಶ್ಚಿಮಕ್ಕೆ, ಆ ಆರು ಜನರನ್ನು ಬಿಟ್ಟು ನಡುಸಮುದ್ರದ ಕಡೆಗೆ.

ಕೊನೆಯ ಸಾಲು, 'ಪಿ.ಎಲ್.ಇ., ಎ/ಸಿ ನೆಲೆಗೆ.' ಪಿ.ಎಲ್.ಇ. ಪಟ್ಟಿಯಲ್ಲಿತ್ತು. ಇನ್ನೂ ಮುಂದೆ ಹೋದರೆ ತಿರುಗಿ ಬರಲು ಪೆಟ್ರೋಲು ಸಾಲದು ಎನ್ನುವ ಮಿತಿ. ವಿಮಾನ ಮಿತಿ ಮುಟ್ಟಿ ಹೊರಟುಹೋಗಿತ್ತು. ಮುಂದೇನಾಯಿತು ಎಂದು ನೋಡಿದವರಿರಲಿಲ್ಲ.

ಆ ಅಂಕಿಯನ್ನು ನಾನು ದೊಡ್ಡದು ಮಾಡಿ ನೋಡಿದೆ, ಚಿಕ್ಕದು ಮಾಡಿ ನೋಡಿದೆ. ಅದೇ ಪುಟದ ಬೇರೆ ಸೊನ್ನೆಗಳನ್ನೂ ಎರಡುಗಳನ್ನೂ ಪಕ್ಕದಲ್ಲಿಟ್ಟು ಹೋಲಿಸಿದೆ. ಝೆರಾಕ್ಸ್ ಅಂಗಡಿಗೆ ಹೋಗಿ ದೊಡ್ಡ ಹಾಳೆಯಲ್ಲಿ ತೆಗೆಸಿದೆ. ಅಂಗಡಿಯವನು "ಇದೆಂತದು ಅಕ್ಕಾ, ಎಕ್ಸ್‌ರೇಯಾ?" ಎಂದ. ಹಾಳೆಯಲ್ಲಿ ಬಂದದ್ದು ಅಂಗೈಯಗಲದ ಒಂದು ಕಪ್ಪು ಕಲೆ. ಬೆಳಕಿಗೆ ಹಿಡಿದಾಗ ಸೊನ್ನೆ ಎನಿಸಿತು, ನೆರಳಿಗೆ ಬಂದಾಗ ಎರಡು.

ಪುಣೆಯವಳಿಗೆ ಫೋನ್ ಮಾಡಿ, ಕಾರ್ಬನ್ ಪ್ರತಿ ಬೇಡ, ಮೇಲಿನ ಅಸಲು ಹಾಳೆ ಎಲ್ಲಿಯಾದರೂ ಇದ್ದರೆ ಅದರ ಫೋಟೋ ತರಿಸು ಎಂದೆ.

"ಕೇಳ್ತೇನೆ. ಟೈಮ್ ಹಿಡೀತದೆ. ಒಂದು ಅಂಕಿಗೆ ಯಾಕೆ ಇಷ್ಟು ತಲೆಬಿಸಿ ಟೀಚರ್? ಪ್ರಶ್ನೆಚಿಹ್ನೆ ಹಾಕಿ ಮುಂದೆ ಹೋಗಿ."

"ಹಡಗು ಕಂಡು ಕಂಡೂ ಬಿಟ್ಟು ಹೋಗಿರಬಹುದಾ?"

"ಹೋಗಿರಬಹುದು. ಆಗ ಸಮುದ್ರದಲ್ಲಿ ಹಡಗು ನಿಲ್ಲಿಸ್ಲಿಕ್ಕೆ ಹೆದರ್ತಿದ್ರು. ಎಲ್ಲಿ ಸಬ್‌ಮರೀನ್ ಇದೆಯೋ ಅಂತ."

ಆ ಮಚವೆ ಅತ್ತೆಯ ಅಪ್ಪನದಿರಬಹುದು ಎನ್ನುವುದು ಇಷ್ಟರಲ್ಲಿ ತಲೆಯೊಳಗೆ ಹೊಕ್ಕು ಕೂತಿತ್ತು. ಹೇಳುವುದೋ ಬಿಡುವುದೋ? ಏನೂ ಖಚಿತವಾಗದೆ ಹೇಳಿ ಆ ಜೀವವನ್ನು ಯಾಕೆ ಕದಡಬೇಕು ಎಂದು ಒಮ್ಮೆ. ಅವರ ಅಪ್ಪನ ಸುದ್ದಿಯನ್ನು ಅವರಿಗೇ ಹೇಳದೆ ಇಟ್ಟುಕೊಳ್ಳಲು ನಾನ್ಯಾರು ಎಂದು ಮತ್ತೊಮ್ಮೆ. ಸಾರಿಗೆ ಉಪ್ಪು ಎರಡು ಸಲ ಹಾಕಿದೆ. ಯಜಮಾನರು ತಟ್ಟೆಯಿಂದ ತಲೆ ಎತ್ತಿ ನೋಡಿ ಮಜ್ಜಿಗೆ ಸುರಿದುಕೊಂಡರು.

ಮರುದಿನ ಅತ್ತೆ ಹಿತ್ತಲ ಬಾಗಿಲಲ್ಲಿ ಕೂತು ಬಸಳೆ ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಒಂದು ಬಳ್ಳಿ ಎತ್ತಿಕೊಂಡೆ.

"ಅತ್ತೆ, ನಿಮ್ಮ ಅಪ್ಪ ಹೋದದ್ದು ಮಳೆಗಾಲಕ್ಕೆ ಮೊದಲೋ, ಆಮೇಲೋ?"

"ಚೌತಿ ಆಗಿತ್ತು. ನವರಾತ್ರಿಗೆ ಬರ್ತೆ ಅಂತ ಹೇಳಿ ಹೋದದ್ದಂತೆ." ಅವರ ಕೈ ನಿಂತಿತು. "ಈಗೆಂತಕ್ಕೆ ಅದು?"

"ಸುಮ್ಮನೆ ಕೇಳಿದೆ."

"ಸುಮ್ನೆ ಯಾರೂ ಕೇಳೂದಿಲ್ಲ. ಎರಡು ದಿನದಿಂದ ನೋಡ್ತಾ ಇದ್ದೆ ನಾ. ಆ ನಿನ್ನ ಇಮಾನದ ಕಾಗದದಲ್ಲಿ ಎಂತ ಸಿಕ್ತು? ಹೇಳು."

ಹೇಳಿದೆ. ನೇತ್ರಾಣಿ, ಮುರಿದ ಕಂಬ, ಕೈ ಬೀಸಿದ ಆರು ಜನ, ಪಶ್ಚಿಮದ ಹಡಗು. ಯಾರ ಮಚವೆ ಎಂದು ಬರೆದಿಲ್ಲ, ನಿಮ್ಮ ಅಪ್ಪನದೇ ಎಂದು ನಾನು ಹೇಳುತ್ತಿಲ್ಲ ಎಂದು ಎರಡೆರಡು ಸಲ ಹೇಳಿದೆ. ಅತ್ತೆ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಕೈ ಬೀಸಿದ್ರಾ?"

"ಹಾಗಂತ ಬರೆದಿದ್ದಾರೆ."

"ಅಂದ್ರೆ ಜೀವ ಇತ್ತು. ಮೇಲಿದ್ದವ ಕಂಡಾನೆ. ಕಂಡವ ಎಂತ ಮಾಡ್ದ?"

ಆ ಅಂಕಿಯ ವಿಷಯವನ್ನೂ ಹೇಳಬೇಕಾಯಿತು. ಅತ್ತೆ ಬಸಳೆಯನ್ನು ಹಾಗೇ ಬಿಟ್ಟು ಎದ್ದು ಒಳಗೆ ಬಂದು, ಝೆರಾಕ್ಸ್ ಹಾಳೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಅವರಿಗೆ ಓದಲು ಬರುವುದು ಕನ್ನಡ ಮಾತ್ರ, ಅದೂ ದೊಡ್ಡ ಅಕ್ಷರ. ಆದರೂ ಹಾಳೆ ತಿರುಗಿಸಿ ತಿರುಗಿಸಿ ನೋಡಿದರು.

ಅಂದಿನಿಂದ ಮನೆಯಲ್ಲಿ ಓಡಾಡುವವರು ಇಬ್ಬರಾದೆವು. ನಾನು ಗೇಟಿಗೆ ಹೋಗಿ ಬಂದರೆ ಅವರು ಕೋಲೂರಿಕೊಂಡು ಬಾವಿಕಟ್ಟೆಗೆ ಹೋಗಿ ಬರುವರು. ಕಾಪಿ ಕುಡಿಯುತ್ತ ಕುಡಿಯುತ್ತ ಲೋಟ ಕೆಳಗಿಟ್ಟು, "ಇನ್ನೊಂದ್ಸಲ ಓದು" ಎನ್ನುವರು. ಓದುತ್ತಿದ್ದೆ. "ಎಂತಹ ಹಡಗಂತೆ? ದೊಡ್ಡದಾ?" "ಬರೆದಿಲ್ಲ ಅತ್ತೆ." "ಆರೇ ಜನವಾ? ಅಪ್ಪನ ಜೊತೆ ಏಳು ಮಂದಿ ಹೋದದ್ದು ಅಂತ ಆಯಿ ಹೇಳ್ತಿತ್ತು." ಸ್ವಲ್ಪ ಹೊತ್ತಿನ ಮೇಲೆ ತಾವೇ, "ಒಬ್ಬಂವ ಬಿದ್ದಿರ್ತಾ" ಎನ್ನುವರು. ಮುಂಬಯಿಯ ಕಡೆಯಿಂದ ಬರುವ ಬಸ್ಸಿನ ಸದ್ದಿಗೆ ಅವರು ತಲೆ ಎತ್ತಿ ನೋಡುವುದನ್ನು ಒಮ್ಮೆ ಕಂಡೆ. ನನಗೆ ಹೆದರಿಕೆಯಾಯಿತು.

"ಎರಡು ಕಂಬದ ಮಚವೆಯಾಗಿತ್ತಾ ನಿಮ್ಮಪ್ಪನದು?" ಎಂದು ಕೇಳಿದೆ.

"ಎರಡು. ನಂಗೆ ಕಣ್ಣಿಗೆ ಕಟ್ಟಿದ ಹಾಂಗಿದೆ" ಎಂದರು. ಮರುಗಳಿಗೆಯೇ ಮುಖ ಸಪ್ಪೆಯಾಯಿತು. "ಇಲ್ಲ ಮಾರಾಯ್ತಿ, ಗೊತ್ತಿಲ್ಲ. ನಾ ಕಂಡದ್ದು ಯಾರದ್ದೋ. ಕಾಯ್ಕಿಣಿಗೆ ಹೋಪ. ಅಂವಗೆ ಗೊತ್ತಿರ್ತದೆ."

ಅಂವ ಎಂದರೆ ಅವರ ಚಿಕ್ಕಪ್ಪನ ಮಗ. ಕಾಯ್ಕಿಣಿಯಲ್ಲಿ ಗದ್ದೆ ಮಾಡಿಕೊಂಡಿದ್ದಾರೆ, ಅವರಿಗೂ ಎಪ್ಪತ್ತು ದಾಟಿದೆ. ಅವರ ತಂದೆ ಅದೇ ಮಚವೆಯಲ್ಲಿ ಖಲಾಸಿಯಾಗಿದ್ದವರು. ಆ ಸಲ ಜ್ವರ ಬಂದು ಉಳಿದುಕೊಂಡದ್ದರಿಂದ ಬದುಕಿದರು.

ಶರಾವತಿ ಸೇತುವೆ ದಾಟುವಾಗ ಅತ್ತೆ ಬಸ್ಸಿನ ಕಿಟಕಿಯಿಂದ ಅಳಿವೆಯ ಕಡೆಗೇ ನೋಡುತ್ತಿದ್ದರು. ಕಾಸರಕೋಡ, ಮಂಕಿ ಎಂದು ಊರುಗಳು ಹಿಂದೆ ಹೋದವು. ನಾನು ದಾರಿಯುದ್ದಕ್ಕೂ ಚೀಲದಲ್ಲಿ ಹಾಳೆ ಇದೆಯೋ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಬಸ್ತಿ ಎಂಬ ಸ್ಟಾಪಿನಲ್ಲಿ ಇಳಿದು ಕಾಯ್ಕಿಣಿಗೆ ಆಟೋ ಮಾಡಿಕೊಂಡೆವು.

ಅತ್ತೆಯ ಆ ತಮ್ಮ ಅಂಗಳದಲ್ಲಿ ಕೊಯ್ದು ಹಾಕಿದ ತೆಂಗಿನ ಗರಿ ಎಳೆಯುತ್ತಿದ್ದರು. ಅಕ್ಕನನ್ನು ಕಂಡು ಓಡಿ ಬಂದರು. "ಅರೆ! ಫೋನ್ ಮಾಡೂದಲ್ಲ ಅಕ್ಕಾ? ನಾನೇ ಬರ್ತಿದ್ನಲ್ಲ." ಬೆಲ್ಲ, ನೀರು ಬಂತು. ಅತ್ತೆ ಬೆಲ್ಲ ಮುಟ್ಟಲಿಲ್ಲ.

"ತಮಾ, ಅಪ್ಪನ ಮಚವೆಗೆ ಎಷ್ಟು ಕಂಬ?"

"ಎಂತ?"

"ಹಾಯಿ ಕಟ್ಟೂ ಕಂಬ. ಎಷ್ಟಿತ್ತು?"

"ಒಂದು" ಎಂದರು ತಮ್ಮ, ಯೋಚನೆಯನ್ನೂ ಮಾಡದೆ.

"ಸರಿ ನೆನಪು ಮಾಡು."

"ನೆನಪು ಮಾಡೂದೆಂತ ಬಂತು? ಅಪ್ಪ ಸಾಯೂ ತನಕ ಅದನ್ನೇ ಹೇಳ್ತಿದ್ದ. ಘಟ್ಟದ ಬುಡದಿಂದ ಸುರಹೊನ್ನೆ ಮರ ಕಡಿಸಿ, ಎತ್ತು ಕಟ್ಟಿ ಎಳಸ್ಕಂಡು ಬಂದು ನಿಲ್ಸಿದ್ದಂತೆ ದೊಡ್ಡಪ್ಪ. ಇನ್ನೊಂದು ಕಂಬ ಹಾಕ್ವ ಅಂತ ಅಪ್ಪ ಹೇಳಿದ್ರೆ, ಸಣ್ಣ ಮಚವೆಗೆ ಎರಡು ಭಾರ ಆಗ್ತದೆ ಅಂದ್ರಂತೆ. ಅದೊಂದೇ ಕಂಬ."

ನಾನು ಹಾಳೆ ತೆಗೆದು ವಿಷಯ ತಿಳಿಸಿದೆ. ತಮ್ಮ ಕೇಳುತ್ತ ಕೇಳುತ್ತ ಮೆಟ್ಟಿಲ ಮೇಲೆ ಕೂತುಬಿಟ್ಟರು. ಎಲ್ಲ ಮುಗಿದ ಮೇಲೆ, ಅಕ್ಕನ ಮುಖ ನೋಡದೆ, "ಅದು ನಮ್ದಲ್ಲ ಅಕ್ಕಾ" ಎಂದರು.

"ಬರೆದಂವ ತಪ್ಪು ಬರೆದಿರ್ತಾ. ಮೇಲಿಂದ ಅಂವಗೆ ಎಂತ ಕಾಣ್ತದೆ?"

"ಒಂದು ಕಂಬ ಮುರಿದೂ ಇನ್ನೊಂದು ನಿಂತದೆ ಅಂತ ಬರದಾನಲ್ಲ. ಅದರಲ್ಲಿ ತಪ್ಪು ಹ್ಯಾಂಗಾಗ್ತದೆ?"

ಅತ್ತೆ ಸಿಟ್ಟಾದರು. "ಇಷ್ಟೆಲ್ಲ ನಿಂಗೆ ಗೊತ್ತಿತ್ತು. ನಂಗೆ ಯಾಕೆ ಒಂದಿನ ಹೇಳ್ಲಿಲ್ಲ? ಮರ ಕಡಿಸಿದ್ದು, ಎತ್ತು ಕಟ್ಟಿದ್ದು. ನನ್ನಪ್ಪ ಅಲ್ವಾ ಅಂವ?"

"ನೀ ಕೇಳ್ಲೇ ಇಲ್ಲಲ್ಲ ಅಕ್ಕಾ. ದೊಡ್ಡಾಯಿ ಇದ್ದಷ್ಟು ದಿನ ಆ ಮಾತು ಎತ್ಲಿಕ್ಕೆ ಇರ್ಲಿಲ್ಲ. ಆಮೇಲೆ ಮಾತೇ ಬಿಟ್ಟುಹೋತು."

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಅವರು ಅಪ್ಪನ ವಿಷಯಕ್ಕೆ ಅತ್ತದ್ದನ್ನು ನಾನು ಅದೇ ಮೊದಲು ಕಂಡದ್ದು. ಆ ಮನೆಯವರೆಲ್ಲ ಒಳಗೆ ಹೊರಗೆ ಓಡಾಡಿದರು, ಊಟ ಮಾಡಿ ಹೋಗಬೇಕೆಂದು ಒತ್ತಾಯ ಮಾಡಿದರು. ಅನ್ನದ ಮುಂದೆ ಕೂತು ಅತ್ತೆ, "ಅಪ್ಪ ಇನ್ನೆಂತ ಮಾಡ್ತಿದ್ದ, ಹೇಳು" ಎಂದರು. ತಮ್ಮ ತಮಗೆ ತಿಳಿದದ್ದನ್ನು ಹೇಳಿದರು. ದೊಡ್ಡಪ್ಪನಿಗೆ ಬೆಲ್ಲ ಹಾಕಿದ ಚಹಾ ಆಗುತ್ತಿರಲಿಲ್ಲವಂತೆ. ಮುಂಬಯಿಯಿಂದ ಬರುವಾಗ ಸಕ್ಕರೆ ತರುತ್ತಿದ್ದರಂತೆ. ಕೊಂಕಣಿ, ಮರಾಠಿ, ಭಟ್ಕಳದ ಸಾಹೇಬರ ಮಾತು ಎಲ್ಲ ಬರುತ್ತಿತ್ತಂತೆ. ಅತ್ತೆ ಕೈ ಒಣಗಿದರೂ ಏಳಲಿಲ್ಲ.

ತಿರುಗಿ ಬರುವ ಬಸ್ಸು ಮಂಕಿ ದಾಟಿತು. ಆಗ ಅತ್ತೆ ನನ್ನ ಮೊಣಕೈ ಹಿಡಿದು, "ಈ ಎಂಟು ದಿನ ನಾ ಎಂತ ಮಾಡ್ತಿದ್ದೆ ಗೊತ್ತಿದ್ಯಾ ತಂಗಿ? ಕಾಯ್ತಿದ್ದೆ. ಬಾಗ್ಲು ನೋಡ್ತಿದ್ದೆ. ಆಯಿಗೆ ಮರುಳು ಅಂತ ನಾನೇ ಬೈದಿದ್ದೆ ಚಿಕ್ಕೋಳಿದ್ದಾಗ" ಎಂದರು.

ನಾನಲ್ಲವೇ ಅದನ್ನು ತಂದು ಅವರ ತಲೆಗೆ ಹಚ್ಚಿದವಳು. ಹೊನ್ನಾವರ ಹತ್ತಿರ ಬಂದಾಗ ಅವರೇ ಮತ್ತೆ ಕೇಳಿದರು. "ಆ ಹಡಗು ಕಡಿಗೆ ಎತ್ಲಾಗೆ ಹೋತು ಅಂತ ಗೊತ್ತಾತಾ?"

"ಅದು ನಿಮ್ಮ ಅಪ್ಪನ ಮಚವೆಯಲ್ಲವಲ್ಲ ಅತ್ತೆ."

"ಅಲ್ಲ. ಆದ್ರೂ ಯಾರದ್ದೋ ಅಪ್ಪ ಅಲ್ವಾ? ಕೇಳಿಡು."

ಆ ದಿನ ಸಂಜೆ ಮತ್ತೊಮ್ಮೆ ಪುಣೆಗೆ ಬರೆದೆ. ಉತ್ತರ ಬರಲಿಲ್ಲ. ಹಿಂದಿನ ಪುಟಗಳನ್ನು ತಿದ್ದುತ್ತ ಕೂತೆ. ಕೋಸ್ಟಲ್ ಕಾನ್ವಾಯ್ ಎಂದು ಹಾಕಿದ್ದನ್ನೆಲ್ಲ ಒಂದೊಂದಾಗಿ ಅಳಿಸಿ ಕಂಟ್ರಿ ಕ್ರಾಫ್ಟ್ ಎಂದು ಬರೆದೆ. ಕಂಪ್ಯೂಟರಿಗೆ ಹೇಳಿದರೆ ಒಂದೇ ಸಲಕ್ಕೆ ಎಲ್ಲವನ್ನೂ ಬದಲಿಸುತ್ತದೆ ಎಂದು ಗೊತ್ತಿದ್ದೂ ನಾನು ಹಾಗೆ ಮಾಡಲಿಲ್ಲ. ಪ್ರತಿಯೊಂದರಲ್ಲೂ ಒಂದು ಕಂಬ ಎಂದು ಬರೆದಿದೆಯೋ ಎಂದು ಹುಡುಕುತ್ತಿದ್ದೆ. ಎಲ್ಲೂ ಇರಲಿಲ್ಲ. ಹೆಚ್ಚಿನ ಕಡೆ ಬರಿಯ ಸಿ.ಸಿ., ಎಷ್ಟು ಮತ್ತು ಎತ್ತ, ಅಷ್ಟೇ. ನೂರಾರು ಮಚವೆಗಳು. ಅವುಗಳಲ್ಲಿ ಯಾವುದೋ ಒಂದರಲ್ಲಿ ಅವರೂ ಇದ್ದಿರಬಹುದು. ಇಲ್ಲದಿರಲೂಬಹುದು. ಕಣ್ಣು ನೋಯುವವರೆಗೆ ನೋಡಿ, ಎದ್ದು ಹೋಗಿ, ಮತ್ತೆ ಬಂದು ಕೂರುತ್ತಿದ್ದೆ.

ಮಳೆ ಹಿಡಿಯಿತು. ಕರೆಂಟು ಹೋಗುವುದು ಬರುವುದು ಶುರುವಾಯಿತು. ಒಂದು ಬೆಳಿಗ್ಗೆ ಅತ್ತೆ ಯಜಮಾನರನ್ನು ಕರೆದು, "ಕಾಯ್ಕಿಣಿ ಮಾವಂಗೆ ಫೋನ್ ಹಚ್ಚು" ಎಂದರು. ಫೋನಿನಲ್ಲಿ ತಮ್ಮನಿಗೆ ಹೇಳಿದ್ದು ಇಷ್ಟು. "ಮಹಾಲಯ ಅಮಾಸೆ ದಿನ ಅಪ್ಪಂಗೆ ಎಳ್ಳುನೀರು ಬಿಡ್ವ. ಗಂಡುಮಗ ಇಲ್ಲ ಅಂವಗೆ. ನೀನೇ ಬಿಡ್ಬೇಕು. ಮುರ್ಡೇಶ್ವರದಲ್ಲಿ, ಸಮುದ್ರದ ಬದೀಗೆ."

ಆ ಕಡೆಯಿಂದ ತಮ್ಮ ಏನೋ ಹೇಳಿದರು.

"ಆಯಿ ಬ್ಯಾಡ ಅಂದದ್ದು ಹೌದು. ಅದು ಆಯಿಗೆ ಆತು. ನಂಗೆ ಸಾಕಾತು" ಎಂದು ಅತ್ತೆ ಫೋನನ್ನು ಮಗನ ಕೈಗೆ ಕೊಟ್ಟರು.

ಅಮಾವಾಸ್ಯೆ ಹತ್ತಿರ ಬಂದಾಗ ಪುಣೆಯಿಂದ ಫೋಟೋ ಬಂತು. ಅಸಲು ಹಾಳೆ ಎಲ್ಲೋ ಬೇರೆ ಕಡೆ ಉಳಿದಿತ್ತಂತೆ. ನಿಂತುಕೊಂಡೇ ಫೋಟೋ ತೆರೆದೆ. ಅಂಕಿ ಕರ್ರಗೆ, ದುಂಡಗೆ, ಅಚ್ಚುಕಟ್ಟಾಗಿ ಕೂತಿತ್ತು. ಸೊನ್ನೆ. ಹಡಗು ಪೂರ್ವಕ್ಕೆ ತಿರುಗಿತ್ತು.

"ಅತ್ತೆ!" ಎಂದು ನಾನು ಕೂಗಿದ್ದಕ್ಕೆ ಅವರು ಹೆದರಿ ಗೋಡೆ ಹಿಡಿದುಕೊಂಡರು.

"ಅವರ ಕಡೆಗೇ ತಿರುಗಿದೆ. ಹಡಗು. ಮಚವೆಯ ಕಡೆಗೇ."

"ಹತ್ತಿಸ್ಕಂಡ್ರಾ?"

"ಅದು ಬರೆದಿಲ್ಲ. ವಿಮಾನಕ್ಕೆ ಪೆಟ್ರೋಲು ಸಾಲದೆ ಅಷ್ಟರಲ್ಲೇ ತಿರುಗಿ ಹೋಗಬೇಕಾಯ್ತು."

"ಹೌದಾ" ಎಂದರು. ಹೋಗಿ ಕುರ್ಚಿಯಲ್ಲಿ ಕೂತರು. ನಾನು ಮುಂದಿನ ದಿನಗಳ ಪುಟಗಳನ್ನೆಲ್ಲ ಮತ್ತೊಮ್ಮೆ ತಿರುವಿ ಹಾಕಿದೆ. ಆ ಮಚವೆಯ ಸುದ್ದಿ ಎಲ್ಲೂ ಇರಲಿಲ್ಲ. ಆ ಹಡಗಿನ ಹೆಸರನ್ನೂ ಬರೆದಿರಲಿಲ್ಲ. ಹೆಸರಿದ್ದರೆ ಹಡಗಿನ ದಿನಚರಿ ಹುಡುಕಬಹುದಿತ್ತು. ಬರಿಯ ಎಂ/ವಿ ಎನ್ನುವ ಎರಡು ಅಕ್ಷರ ಹಿಡಿದುಕೊಂಡು ಎಲ್ಲಿ ಹುಡುಕುವುದು?

ಅಮಾವಾಸ್ಯೆಯ ದಿನ ಮುರ್ಡೇಶ್ವರದ ದಂಡೆಯಲ್ಲಿ ಜನ ಬಹಳ ಇದ್ದರು. ನಾವು ಗದ್ದಲ ಬಿಟ್ಟು ಆಚೆಗೆ, ದೋಣಿ ಎಳೆದಿಟ್ಟ ಕಡೆ ಹೋದೆವು. ಮಳೆ ನಿಂತು ಬಿಸಿಲು ಬಂದಿತ್ತು, ತೆರೆ ಮಾತ್ರ ಇನ್ನೂ ದೊಡ್ಡದಾಗಿಯೇ ಏಳುತ್ತಿತ್ತು. ಭಟ್ಟರು ಹೆಸರು ಕೇಳಿದರು. ತಮ್ಮ ಬಾಯಿ ತೆರೆಯುವ ಮೊದಲೇ ಅತ್ತೆ ಅಪ್ಪನ ಹೆಸರು ಹೇಳಿದರು. ಅವರ ಬಾಯಲ್ಲಿ ಆ ಹೆಸರನ್ನು ಅದುವರೆಗೆ ನಾನು ಕೇಳಿರಲಿಲ್ಲ. ತಮ್ಮ ಮೊಣಕಾಲು ನೀರಿನಲ್ಲಿ ನಿಂತು ಎಳ್ಳುನೀರು ಬಿಟ್ಟರು. ಅತ್ತೆಗೆ ದಂಡೆಯಲ್ಲಿ ನಿಲ್ಲಿ ಎಂದರೆ ಕೇಳಲಿಲ್ಲ. ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು ತಾವೂ ನೀರಿಗಿಳಿದರು. ಸೀರೆ ಒದ್ದೆಯಾಗಿ ಕಾಲಿಗೆ ಸುತ್ತಿಕೊಂಡಿತು.

ಎಲ್ಲ ಮುಗಿಯುತ್ತ ಬಂದಾಗ ತಮ್ಮ ತಿರುಗಿ ನೋಡಿ, "ಅಕ್ಕಾ, ಆ ಕಂಬ ಮುರಿದವ್ರಿಗೂ ಒಂದು ಬೊಗಸೆ ಬಿಡ್ಲಾ? ಹೆಸ್ರು ಗೊತ್ತಿಲ್ದೆ ಇದ್ರೂ ಬಿಡ್ಲಕ್ಕು ಅಂತ್ರು ಭಟ್ರು" ಎಂದರು.

"ಬ್ಯಾಡ!" ಅತ್ತೆ ಎಷ್ಟು ಜೋರಾಗಿ ಹೇಳಿದರೆಂದರೆ ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದವರು ತಿರುಗಿ ನೋಡಿದರು. "ಅವ್ರಿಗೆ ಯಾಕೆ? ಹಡಗು ಬಂದದೆ ಅಲ್ಲ ಅವ್ರ ಹತ್ರ? ಸತ್ರು ಅಂತ ಯಾರು ಹೇಳ್ದವ್ರು ನಿಂಗೆ?"

ತಮ್ಮ ಕೈಯಲ್ಲಿದ್ದ ಎಳ್ಳನ್ನು ಏನು ಮಾಡುವುದೆಂದು ತಿಳಿಯದೆ ಭಟ್ಟರ ಮುಖ ನೋಡಿದರು. ಭಟ್ಟರು ಬಾಳೆಲೆಗೆ ಹಾಕಲು ಹೇಳಿದರು.

ನೀರಿನಿಂದ ಮೇಲೆ ಬಂದ ಮೇಲೆ ಅತ್ತೆಗೆ ಹಸಿವಾಯಿತು. ಕಾಯ್ಕಿಣಿಗೆ ಹೋಗಿ, ಒದ್ದೆ ಸೀರೆ ಬದಲಿಸಿ, ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡರು. ತಮ್ಮನ ಸೊಸೆಯ ಹತ್ತಿರ ನನ್ನ ಉಪ್ಪಿನ ಸಾರಿನ ಕಥೆ ಹೇಳಿ ನಗಿಸಿದರು. ನನಗೆ ಮಾತ್ರ ಒಳಗೆ ಕೂರಲಾಗಲಿಲ್ಲ. ಊಟವಾದದ್ದೇ ಹೊರಗೆ ಬಂದು, ಪುಣೆಯವಳಿಗೆ ಫೋನ್ ಮಾಡಿ, ಆ ತಿಂಗಳಲ್ಲಿ ಆ ದಾರಿಯಲ್ಲಿ ಹೋದ ಸರಕು ಹಡಗುಗಳ ಹೆಸರು ಎಲ್ಲಿ ಸಿಗಬಹುದು ಎಂದು ಕೇಳಿದೆ.